ಕುಳ್ಳಮ್ಮನ ಕೈ ಕಡಿದವರು ಯಾರು?

ಮಾನ್ಯ ತಹಶೀಲ್ದಾರರೇ, ಶಾಂತಿ ಸಭೆಯ ಅಧ್ಯಕ್ಷರೇ,

ನನ್ನ ತಾಯಿ ಕುಳ್ಳಮ್ಮನ ಬಲಗೈ ಕಡಿದವನು ನನ್ನ ದೊಡ್ಡಪ್ಪನ ಮಗ ಸುನೀಲ್‌ಕುಮಾರ್. ತಮ್ಮ ಸಮ್ಮುಖದಲ್ಲಿ ಬರೆದ ದೂರಿನ ಪ್ರಕಾರ ಕಡಿದವರು ನೀಲಕಂಠಸ್ವಾಮಿ. ಅದೇ ನೀಲಕಂಠಸ್ವಾಮಿಯವರ ಪ್ರಾಣ ಉಳಿಸಲು ಹೋಗಿಯೇ ಅಮ್ಮ ಕೈ ಕಳೆದುಕೊಂಡದ್ದು. ಇಂಥ ನ್ಯಾಯಕ್ಕೆ ತಾವು ಇಟ್ಟ ಹೆಸರು ‘ಸಮತೋಲನ’.

ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಗೌಡರ ಬೀದಿ, ಲಿಂಗಾಯತರ ಬೀದಿ ಎಂದು ಎರಡಿವೆ. ನಾವು ಗೌಡರ ಬೀದಿಯವರು. ಎರಡರ ಬಲವೂ ಸಮವಾಗಿದ್ದರೆ ಯಾರೂ ಯಾರ ಮೇಲೂ ಕೈ ಮಾಡುವುದಿಲ್ಲ ಎಂಬುದು ತಮ್ಮ ಸಿದ್ಧಾಂತ. ಅದಕ್ಕೇ ಹಾಲಿನ ಡೇರಿಯ ಅಧ್ಯಕ್ಷಗಿರಿಯನ್ನು ಒಂದು ಅವಧಿ ಗೌಡರಿಗೆ, ಒಂದು ಅವಧಿ ಲಿಂಗಾಯತರಿಗೆ ಎಂದು ಹಂಚಿಕೊಟ್ಟು, ಹಾರ ಹಾಕಿಸಿಕೊಂಡು ಹೋದಿರಿ. ಎರಡು ಬೀದಿಗೂ ಸೇರದ ಕಾಲೊನಿಯ ಜನರೂ ಅದೇ ಡೇರಿಗೆ ಹಾಲು ಹಾಕುತ್ತಾರೆ. ಅವರಿಗೆ ಬಲವಿಲ್ಲವಾದ್ದರಿಂದ ತಮ್ಮ ಸಿದ್ಧಾಂತದಲ್ಲಿ ಜಾಗವೂ ಇರಲಿಲ್ಲ. ಅಂದಿನಿಂದ ಡೇರಿಗೆ ಬೇಕಾದದ್ದು ಒಳ್ಳೆಯ ಅಧ್ಯಕ್ಷನಲ್ಲ, ಬೀದಿಯ ಮಾನ ಕಾಯುವ ಪೈಲ್ವಾನ.

ಈ ಸಲ ಸರದಿ ಲಿಂಗಾಯತರ ನೀಲಕಂಠಸ್ವಾಮಿಯವರದು. ಅವಧಿ ಮುಗಿದಿದ್ದರೂ ಕುರ್ಚಿ ಬಿಡಲು ಹಳೆಯ ಅಧ್ಯಕ್ಷ ಸುನೀಲ್ ಒಪ್ಪಲಿಲ್ಲ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ, ಡೇರಿಯ ಬೀಗದ ಕೈ ಕೇಳಲು ಬಂದ ಆ ಮನುಷ್ಯನ ತಲೆಗೆ ಎಲ್ಲರೆದುರೇ ಮಚ್ಚು ಬೀಸಿದ. ಅವರು ಕ್ಯಾನುಗಳ ನಡುವೆ ಉರುಳಿದರು. ಚೆಲ್ಲಿದ ಹಾಲು ಕೆಂಪಾಯಿತು. ಎರಡೂ ಬೀದಿಯವರು ಗೋಡೆಗೆ ಒರಗಿ ನಿಂತೇ ಇದ್ದರು. ಅಮ್ಮ ಮಾತ್ರ ಓಡಿಹೋಗಿ ಅವರ ಮೇಲೆ ಕವುಚಿ ಬಿದ್ದಳು. “ಬುಡ್ಲಾ ಸುನೀಲ, ಸತ್ತೋಯ್ತಾರೆ ಕಣ್ಲಾ!” ಎಂದು ಕೈ ಅಡ್ಡ ಹಿಡಿದಳು. ಮುಂದಿನ ಏಟು ಆ ಕೈಗೆ ಬಿತ್ತು. ಬರೀ ತೊಗಲಿನಲ್ಲಿ ನೇತಾಡುತ್ತಿದ್ದ ಅಂಗೈಯನ್ನು ನಾನೇ ಟವೆಲಿನಲ್ಲಿ ಸುತ್ತಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆದುಹಾಕಿದರು.

ಅಂದು ಸಂಜೆಯೇ ಸೇಡು ತೀರಿತು. ಲಿಂಗಾಯತರ ಬೀದಿಯ ಹುಡುಗರು ಪೆಟ್ರೋಲ್ ಸುರಿದು ಗೌಡರ ಬೀದಿಯ, ಹೊಗೆಸೊಪ್ಪು ಹದಮಾಡುವ ಒಂದು ಬ್ಯಾರನ್ ಮನೆ ಸುಟ್ಟರು. ಯಾರದು? ನಮ್ಮದೇ. ಅದು ತಮ್ಮ ಬೀದಿಯ ಹಿರಿಯರನ್ನು ಉಳಿಸಿದವಳದು ಎಂದು ಆ ಹುಡುಗರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಬೀದಿ ನೋಡಲು ಕಲಿತವರು ಮುಖ ನೋಡುತ್ತಾರೆಯೆ?

ಅಮ್ಮ ಆಸ್ಪತ್ರೆಯಿಂದ ಮರಳಿದ ಮೇಲೆ ತಾವು ಬಂದಿರಿ. ಶಾಲೆಯ ಜಗುಲಿಯಲ್ಲಿ ಶಾಂತಿ ಸಭೆ. ನೀಲಕಂಠಸ್ವಾಮಿಯವರೇ ಅಮ್ಮನ ಕೈ ಕಡಿದರೆಂದು, ಅಷ್ಟರಲ್ಲಿ ಜಾಮೀನು ಪಡೆದಿದ್ದ ಸುನೀಲ್ ಕೊಟ್ಟ ಪ್ರತಿದೂರನ್ನು ದಾಖಲಿಸುವಂತೆ ಪೊಲೀಸರಿಗೆ ಹೇಳಿದಿರಿ. ಅದಕ್ಕೆ ಬದಲಾಗಿ ಬ್ಯಾರನ್ ಸುಟ್ಟವರ ಮೇಲೆ ಕೇಸು ಹಾಕಿಸುವುದಿಲ್ಲವೆಂದು ಹೇಳಿ ಲಿಂಗಾಯತರ ಬಾಯಿ ಮುಚ್ಚಿಸಿದಿರಿ. ಆಗ ಅಮ್ಮ ಎದ್ದು ನಿಂತಳು. “ಸ್ವಾಮಿ, ನನ್ ಕೈ ಕಡ್ದೋನು ನಮ್ಮೋನೇ. ಅಲ್ಲೇ ಕುಂತವ್ನೆ ನೋಡಿ.” ತಾವು ನಯವಾಗಿಯೇ ಹೇಳಿದಿರಿ: “ನೀವು ಹಾಗಂದ್ರೆ ಬ್ಯಾಲೆನ್ಸ್ ತಪ್ಪುತ್ತೆ ಕಣಮ್ಮ. ಕೂತ್ಕೊಳ್ಳಿ. ಊರು ತಣ್ಣಗಿರಲಿ.”

ಊರು ತಣ್ಣಗಿದೆಯೆ, ಮಾನ್ಯರೇ? ಸುನೀಲ್ ಜಾಮೀನಿನ ಮೇಲೆ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಮಾತು ನಿಂತು ಹಾಸಿಗೆ ಹಿಡಿದಿರುವ ನೀಲಕಂಠಸ್ವಾಮಿ ಆರೋಪಿ. ನಮ್ಮವರು ಅಮ್ಮನನ್ನು ದ್ರೋಹಿ ಎಂದು ಬೈದು ಬಾಗಿಲಿಗೆ ಕಲ್ಲು ಹೊಡೆಯುತ್ತಾರೆ. ಆ ಬೀದಿಯವರು ಮಚ್ಚುಗಳಿಗೆ ಹೊಸ ಹಿಡಿ ಹಾಕಿಸುತ್ತಿದ್ದಾರೆ. ಎರಡೂ ಕಡೆ ಸಮನಾಗಿ ನಡುಗುತ್ತಿದ್ದರೆ ಅದಕ್ಕೆ ಶಾಂತಿ ಎನ್ನುತ್ತೀರಾ?

ಮೊನ್ನೆ ನೀಲಕಂಠಸ್ವಾಮಿಯವರ ಹೆಂಡತಿ ಪುಟ್ಟಮಲ್ಲಮ್ಮ ಹಾಡಹಗಲೇ, ಇಡೀ ಗೌಡರ ಬೀದಿ ನೋಡುತ್ತಿರುವಾಗ, ನಮ್ಮ ಮನೆಗೆ ಬಂದರು. ಅಮ್ಮನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದರು. “ಕುಳ್ಳಕ್ಕಾ, ನಮ್ ಐಕ್ಳು ನಿಮ್ ಬ್ಯಾರನ್ ಸುಟ್ಬುಟ್ರು. ಅವ್ರ್ ಹೆಸ್ರು ನಾನೇ ಹೇಳ್ತೀನಿ,” ಎಂದರು.

“ನಮ್ಮೋನ್ ಹೆಸ್ರು ನಾನ್ ಹೇಳ್ತೀನಿ ಬುಡವ್ವ,” ಎಂದಳು ಅಮ್ಮ.

ನನ್ನ ಬೇಡಿಕೆ ಇಷ್ಟೆ. ಸೋಮವಾರ ಇವರಿಬ್ಬರೂ ಒಟ್ಟಿಗೆ ಬಸ್ಸು ಹತ್ತಿ ತಮ್ಮ ಕಚೇರಿಗೆ ಬರುತ್ತಾರೆ. ಒಬ್ಬೊಬ್ಬರೂ ಸ್ವಂತ ಬೀದಿಯವರ ವಿರುದ್ಧವೇ ಹೇಳಿಕೆ ಕೊಡುತ್ತಾರೆ. ಹೇಳಿದ್ದನ್ನು ಹೇಳಿದಂತೆ ಬರೆಸಿಕೊಳ್ಳಿ. ಆ ಸುಳ್ಳು ಪ್ರತಿದೂರನ್ನು ಕೈಬಿಡಿಸಿ. ಕಡಿದವನನ್ನು ಕಡಿದದ್ದಕ್ಕೆ, ಸುಟ್ಟವರನ್ನು ಸುಟ್ಟದ್ದಕ್ಕೆ ಹಿಡಿಸಿ. ಬಸ್‌ಸ್ಟಾಪಿನವರೆಗೆ ಇಬ್ಬರೂ ಎರಡೂ ಬೀದಿ ದಾಟಿಯೇ ಬರಬೇಕು. ದಾರಿಯಲ್ಲಿ ಅವರಿಗೆ ಏನಾದರೂ ಆದರೆ ಅದನ್ನು ಯಾವ ಬೀದಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೀರೋ, ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ಎರಡೂ ಬೀದಿಗೆ ಬೇಡವಾದ
ರೂಪಶ್ರೀ
(ಕುಳ್ಳಮ್ಮನ ಮಗಳು)