ಟಾರ್ಗೆಟ್ ಸಾಲಿನಲ್ಲಿ ಬರೆದದ್ದು

ಹರಿಹರ
19 ಜನವರಿ 2025

ಮಗಳು ಯಾಸ್ಮೀನ್‌ಗೆ ಅಬ್ಬಾನ ಸಲಾಂ, ದುವಾ.

ಅಮ್ಮಿ ಫೋನಿನಲ್ಲಿ ಯಾಕೆ ಸರಿಯಾಗಿ ಮಾತಾಡುತ್ತಿಲ್ಲ ಎಂದು ನೀನು ಕೇಳಿದಾಗಲೆಲ್ಲ ನೆಟ್‌ವರ್ಕಿನ ನೆಪ ಹೇಳಿದೆ. ತಪ್ಪಾಯಿತು. ಅವಳ ಎದುರಿಗೆ ಹೇಳುವ ಮಾತಲ್ಲ, ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾರದೋ ಪ್ರಿಂಟರ್ ಬಿಚ್ಚಿದ್ದು ಹಾಗೇ ಬಿದ್ದಿದೆ.

ಲಕ್ವಾ ಹೊಡೆದ ಮೇಲೆ ಅಮ್ಮಿಯ ಬಲಗೈ ಆಡುತ್ತಿರಬೇಕೆಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತಲ್ಲ. ಚೆಂಡು ಹಿಸುಕಲು ಅವಳಿಗೆ ಬೇಸರ. ಹಾಗಾಗಿ ಮನೆಯ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟೆ. ಮೌಸ್ ಹಿಡಿದು, ಬೀಳುವ ಬಂಡೆಗಳ ನಡುವೆ ವಿಮಾನ ತೂರಿಸಬೇಕು. ನಿಮಿಷದೊಳಗೆ ವಿಮಾನ ಚೂರಾಗುತ್ತಿತ್ತು. ಮೂರನೇ ದಿನ ಅವಳು ಮೌಸ್ ತಳ್ಳಿ ಅತ್ತಳು. ಬ್ಲೌಸಿಗೆ ಆರಿ ವರ್ಕ್ ಮಾಡಿ ಊರಿನಲ್ಲೆಲ್ಲ ಹೆಸರು ಮಾಡಿದ್ದ ಕೈ ಅದು.

ನನಗೆ ನೋಡಲಾಗಲಿಲ್ಲ. ಆಟದ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದು, ಆಟ ಹೇಗೆ ಶುರುವಾಗಬೇಕೆಂದು ಕಂಪ್ಯೂಟರಿಗೆ ಹೇಳುವ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಗೆರೆ ಹಾಕಿ ‘ಚೀಟ್ಸ್’ ಎಂಬ ಮೋಸದ ಪದ ಸೇರಿಸಿದೆ. ಹಾಗೆ ತೆರೆದರೆ ಬಂಡೆ ತಾಗಿದರೂ ವಿಮಾನ ಒಡೆಯುವುದಿಲ್ಲ. ತಾನೇ ತಪ್ಪಿಸಿದೆ ಎಂದು ಅವಳು ತಿಳಿದಳು. ಆಮೇಲೆ ಅವಳನ್ನು ನೀನು ನೋಡಬೇಕಿತ್ತು. ಬಲಗೈಯಲ್ಲೇ ಉಣ್ಣತೊಡಗಿದಳು. ಒಂದು ದಿನ ಸೂಜಿ ಹಿಡಿದು ಹಳೇ ಬ್ಲೌಸಿನ ಅಂಚಿಗೆ ನಾಲ್ಕು ಮಣಿ ಕೂರಿಸಿದಳು. ಆ ಮಣಿಗಳಲ್ಲಿ ನನ್ನ ಕೈವಾಡವೇನೂ ಇರಲಿಲ್ಲ, ಮಗಳೇ.

ಹೋದ ತಿಂಗಳು ದಾವಣಗೆರೆಗೆ, ವಿದ್ಯಾನಗರದ ನಿನ್ನ ರುಮಾನಾ ಖಾಲಾನ ಮನೆಗೆ ಹೋಗಿದ್ದೆವು. ಅವರ ಕಂಪ್ಯೂಟರಿನಲ್ಲೂ ಅದೇ ಆಟವಿತ್ತು. ಅಮ್ಮಿ ಎಲ್ಲರನ್ನೂ ಕರೆದು ಕೂರಿಸಿ ಆಡಿದಳು. ವಿಮಾನ ಒಡೆಯಿತು. ಮತ್ತೆ ಆಡಿದಳು, ಮತ್ತೆ ಒಡೆಯಿತು. ರುಮಾನಾ ಚಹಾ ತರುವ ನೆಪದಲ್ಲಿ ಎದ್ದು ಹೋದಳು.

ಬಸ್ಸಿನಲ್ಲಿ ಹರಿಹರ ಬರುವ ತನಕ ಅಮ್ಮಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಇಳಿಯುವಾಗ ಕೇಳಿದಳು, “ನಮ್ಮನೇದಕ್ಕೆ ಏನು ಮಾಡೀರಿ?”

ಹೇಳಿದೆ. ಇನ್ನೊಂದು ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

“ನಾ ಸೋತಿದ್ರೂ ಆಡ್ತಿದ್ದೆ. ಸೋಲಾಕ ಬಿಡಬೇಕಿತ್ತು ನೀವು” ಎಂದಳು.

ಅಂದಿನಿಂದ ಅವಳು ಸೂಜಿ ಮುಟ್ಟಿಲ್ಲ. ಎಡಗೈಯಲ್ಲಿ ಉಣ್ಣುತ್ತಾಳೆ. ಟಾರ್ಗೆಟ್ ಸಾಲಿನ ಆ ಪದ ಅಳಿಸಿದೆ, ಬಂದು ನೋಡು ಎಂದು ಕರೆದೆ, ಬರಲಿಲ್ಲ. ರಜೆ ಸಿಕ್ಕರೆ ನೀನೊಮ್ಮೆ ಬಾ. ಅವಳಿಗೆ ನೀನು ಯಾವತ್ತೂ ಸುಳ್ಳು ಹೇಳಿದವಳಲ್ಲ. ಶಾಲೆಯ ಮಕ್ಕಳ ನಡುವೆ ನಿನ್ನ ಆರೋಗ್ಯ ಮರೆಯಬೇಡ. ಅಲ್ಲಾಹ್ ನಿನ್ನನ್ನು ನೆಮ್ಮದಿಯಾಗಿಡಲಿ.

ನಿನ್ನ ಅಬ್ಬಾ,
ಹಿದಾಯತ್

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಏಳಲಿಲ್ಲ. ನಿನ್ನೆ ಡಾಕ್ಟರು ಅವಳ ಹೆಬ್ಬೆರಳು ಒತ್ತಿಸಿ ನೋಡಿ, ನಿಜವಾಗಲೂ ಬಲ ಬಂದಿದೆ ಎಂದರು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ಇವರಿಗೂ ನೀವೇ ಹೇಳಿಕೊಟ್ಟೀರೇನು?”