ಎಡಗೆನ್ನೆ

ಮಾರ್ಚ್ ೧೧, ಮಂಗಳವಾರ

ಅನಿಮೇಷನ್ ಕ್ಲಾಸಿನಲ್ಲಿ ಮೇಷ್ಟ್ರು ಇವತ್ತು ನಾನು ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ ತಲೆಯನ್ನು ಎಲ್ಲರೆದುರು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದರು.

"ಅರ್ಧ ಮುಖ ಮಾಡಿ ಇನ್ನರ್ಧಕ್ಕೆ ಮಿರರ್ ಹಾಕಿ ಅದನ್ನೇ ಕಾಪಿ ಮಾಡಿದ್ದೀಯ. ಯಾರ ಮುಖಾನೂ ಹೀಗಿರಲ್ಲ ಕಣಮ್ಮ. ಎಡಗಡೆನ ಬೇರೆ ಮಾಡು."

ಮೈಯೆಲ್ಲ ಉರಿಯಿತು. ಅದು ನಮ್ಮಪ್ಪನ ಮುಖ ಅಂತ ಅವರಿಗೇನು ಗೊತ್ತು. ಲಕ್ವ ಹೊಡೆದ ಮೇಲೆ ಎಡಗಡೆ ಜೋತುಬಿದ್ದಿದೆ. ಅದಕ್ಕೇ ಬಲಗಡೆಯನ್ನೇ ಎರಡು ಸಲ ಇಟ್ಟೆ.

ಈಗ ಮನೆಯಲ್ಲಿ ಆ ಮಿರರ್ ಆಫ್ ಮಾಡಿ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ತುಟಿಯ ಎಡತುದಿಯನ್ನು ಎಷ್ಟು ಕೆಳಗೆ ಎಳೆಯಬೇಕೋ ಗೊತ್ತಾಗುತ್ತಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲೇ ಮಲಗಿದ್ದಾರೆ, ಎದ್ದು ಹೋಗಿ ನೋಡಿದರಾಯಿತು. ಆದರೆ ಊಟ ಮಾಡಿಸುವಾಗಲೂ ನಾನು ಕೂರುವುದು ಅವರ ಬಲಕ್ಕೇ. ನಾಲ್ಕು ತಿಂಗಳಾಯಿತು, ಅಮ್ಮ ದಿನಾ ಕೇಳುತ್ತಾಳೆ, "ಆ ಕಡೆ ಬಾಯಿಂದ ಸೋರ್ತಿರೋದು ನಿನಗೆ ಕಾಣಲ್ವೇನೇ?"