ಜಪ್ತಿಯಾದ ಮೈಕು ಮತ್ತು ಹಕ್ಕಿಜ್ವರದ ಸಂವಾದ

ಎರಡು ದೇಶಗಳ ಜೈವಿಕ ಸುರಕ್ಷತಾ ಸಂವಾದ ಸಮಿತಿಯ ಘನ ಅಧ್ಯಕ್ಷರಿಗೆ,

ಮಾನ್ಯರೇ, ವದಂತಿ ಹಬ್ಬಿಸಿದೆನೆಂದು ನನ್ನ ಮೈಕನ್ನು ಜಪ್ತಿ ಮಾಡಿಸಿದಿರಿ. ವದಂತಿ ನಿಜವಾಯಿತು. ಮೈಕು ಮಾತ್ರ ಇನ್ನೂ ನಿಮ್ಮಲ್ಲೇ ಇದೆ.

ಗಡಿ ಸೇತುವೆಯ ಈಚೆಗೆ ನನ್ನಂತೆ ಬಾಡಿಗೆಗೆ ಮೈಕ್ ಸೆಟ್ ಇಟ್ಟವನು ಇನ್ನೊಬ್ಬನಿಲ್ಲ. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸಾದರೇನು, ಎರಡು ದೇಶಗಳ ದನಿ ಹಾದುಹೋದದ್ದು ನನ್ನ ವೈರಿನಲ್ಲೇ! ನಿಮ್ಮ ಸಂವಾದಕ್ಕೂ ಮೈಕು ನನ್ನದೇ. ‘ಪರಸ್ಪರ ವಿಶ್ವಾಸ’, ‘ಮುಕ್ತ ಮಾಹಿತಿ ವಿನಿಮಯ’ ಎಂದು ಸಂಜೆಯವರೆಗೂ ಎಷ್ಟು ಚೆಂದ ಮಾತಾಡಿದಿರಿ! ಹೂಗುಚ್ಛ, ಶಾಲು, ಫೋಟೋ ಎಲ್ಲವೂ ವಿನಿಮಯವಾದವು, ಮಾಹಿತಿಯೊಂದು ಬಿಟ್ಟು.

ಅದು ವಿನಿಮಯವಾದದ್ದು ಸಭಾಂಗಣದ ಹಿಂದೆ, ಜನರೇಟರ್ ಪಕ್ಕದಲ್ಲಿ. ನಾನು ಅಲ್ಲೇ ವೈರು ಸುತ್ತುತ್ತಿದ್ದೆ. ಆಚೆ ದೇಶದ ಪಶುವೈದ್ಯರು ನಮ್ಮ ಪಶುವೈದ್ಯರಿಗೆ ಮೆಲ್ಲಗೆ ಹೇಳಿದರು: “ನಮ್ಮ ಕಡೆ ಕೋಳಿಗಳು ಪಟಪಟ ಅಂತ ಬೀಳ್ತಿವೆ ಸಾರ್. ಹಕ್ಕಿಜ್ವರಾನೇ.”

“ಒಳಗೇ ಹೇಳಬಹುದಿತ್ತಲ್ರೀ?”

“ಮೇಲಿಂದ ಅನುಮತಿ ಬಂದಿಲ್ಲ. ನೀವೂ ಕೇಳಿಸ್ಕೊಂಡಿಲ್ಲ, ಆಯ್ತಾ?”

“ಏನು ಕೇಳಿಸ್ಕೊಂಡಿಲ್ಲ?” ಎಂದರು ನಮ್ಮವರು, ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ.

ನನ್ನ ಕಿವಿಗೆ ಅನುಮತಿ ಬೇಕಿರಲಿಲ್ಲ. ಮರುದಿನವೇ ಸೈಕಲ್ಲಿಗೆ ಮೈಕು ಕಟ್ಟಿ ಕೂಗಿದೆ: “ಸೇತುವೆ ಆಚೆಯಿಂದ ಕೋಳಿಮರಿ ತರಬೇಡ್ರಪ್ಪೋ!” ಮೂರನೇ ಬೀದಿ ಮುಗಿಯುವಷ್ಟರಲ್ಲಿ ನಿಮ್ಮವರು ಬಂದು, ಎರಡು ದೇಶಗಳ ಸ್ನೇಹಕ್ಕೆ ನನ್ನಿಂದ ಧಕ್ಕೆಯಾಯಿತೆಂದು ಮೈಕು ಹೊತ್ತೊಯ್ದರು. ಸೈಕಲ್ಲಿನವನ ಕೂಗಿಗೇ ಬಿರುಕು ಬಿಡುವ ಸ್ನೇಹವನ್ನು ಎಂಥ ಗೋಂದಿನಲ್ಲಿ ಅಂಟಿಸಿದ್ದಿರಿ, ಸ್ವಾಮಿ?

ನಾಲ್ಕನೇ ಬೀದಿಯಲ್ಲಿರುವುದು ನನ್ನ ಅಕ್ಕನ ಮಗಳು. ಕೋಳಿ ಸಾಕಿಯೇ ಸಂಸಾರ ನಡೆಸುವವಳು. ಅವಳಿಗೆ ಹಿಂದಿನ ರಾತ್ರಿಯೇ ಹೇಳಿದ್ದೆ. ಹೊಸ ಮರಿ ತರಿಸದೆ ಶೆಡ್ಡಿನ ಬಾಗಿಲು ಭದ್ರ ಮಾಡಿಕೊಂಡಳು. ಅವಳ ಪಕ್ಕದ ಮನೆಯವನಿಗೆ ನನ್ನ ಕೂಗು ತಲುಪಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಆಚೆಯಿಂದ ಮರಿ ತಂದ. ಅವನ ಕೋಳಿಗಳು ಸತ್ತ ಮೇಲೆ ನಿಮಗೆ ರೋಗದ ಹೆಸರು ಹೇಳಲು ಬಾಯಿ ಬಂತು. ಬಿಳಿ ನಿಲುವಂಗಿಯವರು ಬಂದು ಸುತ್ತಲಿನ ಕೋಳಿಗಳನ್ನೆಲ್ಲ, ಅವಳ ಗಟ್ಟಿಮುಟ್ಟಾದವನ್ನೂ ಸೇರಿಸಿ, ಕೊಂದು ಗುಂಡಿಗೆ ಹಾಕಿದರು. ನಿಯಮ ಸರಿಯೇ ಇರಬಹುದು. ತಡ ಯಾರದು?

“ಮಾವ, ನೀನು ಹೇಳಿದ ಹಾಗೇ ಬಾಗಿಲು ಹಾಕ್ಕೊಂಡಿದ್ದೆ. ರೋಗ ಬರಲೇ ಇಲ್ಲ. ಇವರು ಬಂದ್ರು” ಎಂದಳು. ಅವಳ ಖಾಲಿ ಶೆಡ್ಡಿನ ಬಾಗಿಲು ತೆರೆದಿಟ್ಟು ಬಂದು ಈ ಪತ್ರ ಬರೆಯಲು ಕೂತೆ.

ಮೈಕು ನೀವೇ ಇಟ್ಟುಕೊಳ್ಳಿ, ಮುಂದಿನ ಸಂವಾದಕ್ಕೆ ಬಾಡಿಗೆಯನ್ನೂ ಕೇಳುವುದಿಲ್ಲ. ಆದರೆ ಅದನ್ನು ಮೊದಲು ಆ ಇಬ್ಬರು ಪಶುವೈದ್ಯರ ಮುಂದಿಡಿ. ಎಲ್ಲಿ ಯಾವ ಪ್ರಾಣಿ ಸಾಯುತ್ತಿದೆಯೆಂದು ಅಂದಂದೇ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಯಾರ ಅನುಮತಿಯೂ ಬೇಡ, ಹೇಳಿದ್ದಕ್ಕೆ ಅವರ ಕೆಲಸವೂ ಹೋಗದು ಎಂದು ಎರಡೂ ದೇಶಗಳು ಆದೇಶ ಹೊರಡಿಸಲಿ. ಹೂಗುಚ್ಛ ಆಮೇಲೆ.

ಸ್ವಿಚ್ಚು ಸ್ವಲ್ಪ ಬಿಗಿ. ಒತ್ತುವ ಮನಸ್ಸಿದ್ದರೆ ಆನ್ ಆಗುತ್ತದೆ.

ಇಂತಿ,
ನಾಲ್ಕನೇ ಬೀದಿ ಮುಟ್ಟಲಾಗದ ಮೈಕಿನವನು